ಮೊಣಕೈಯ ಪೊರೆ, ಕಾಲಿನ ಹೆಬ್ಬೆರಳು: ಸೋರಿಯಾಸಿಸ್ ಇದ್ದವರಲ್ಲಿ ಗೌಟ್ ಏಕೆ ಹೆಚ್ಚು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಅಡಕೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಮೊಣಕೈ, ಮೊಣಕಾಲು ಮತ್ತು ತಲೆಯ ಹಿಂಭಾಗದಲ್ಲಿ ಸೋರಿಯಾಸಿಸ್ ಕಾಣಿಸಿಕೊಂಡು ಹದಿನೆಂಟು ವರ್ಷಗಳಾದವು. ಕಳೆದ ಮಳೆಗಾಲದ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಬಲಗಾಲಿನ ಹೆಬ್ಬೆರಳ ಬುಡ ಸುಡತೊಡಗಿ, ಬೆಳಗಾಗುವಷ್ಟರಲ್ಲಿ ಅದು ಕೆಂಪೇರಿ ಬೀಗಿ, ಹೊದಿಕೆಯ ಅಂಚು ತಗುಲಿದರೂ ತಡೆಯಲಾಗದ ಸ್ಥಿತಿಗೆ ಬಂದಿತ್ತು. ತೋಟದ ತೋಡು ದಾಟುವಾಗ ಕಾಲು ಉಳುಕಿರಬೇಕೆಂದು ಮನೆಯವರು ಭಾವಿಸಿದರು. ಪೇಟೆಯ ಎಲುಬಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಯೂರಿಕ್ ಆಸಿಡ್ 8.1 ಎಂದು ಬಂತು. ಅಂಕಿಯ ಪಕ್ಕದಲ್ಲಿ ‘ಎಚ್’ (ಹೈ, ಅಂದರೆ ಹೆಚ್ಚು) ಎಂಬ ಗುರುತು. ಆ ಹೊತ್ತಿಗೆ ಮಾವನ ಮನೆಯ ಕಪಾಟಿನಲ್ಲಿ ಮೂರು ಪ್ಲಾಸ್ಟಿಕ್ ಕವರುಗಳಿದ್ದವು: ಮಂಗಳೂರಿನ ಚರ್ಮದ ಡಾಕ್ಟರದ್ದು ಒಂದು, ಎಲುಬಿನ ಡಾಕ್ಟರದ್ದು ಒಂದು, ಆಯುರ್ವೇದ ವೈದ್ಯರದ್ದು ಇನ್ನೊಂದು. ಒಂದರಲ್ಲಿದ್ದ ಕಾಗದವನ್ನು ಇನ್ನೊಬ್ಬರು ನೋಡಿರಲಿಲ್ಲ, ಮಾವನೂ ತೋರಿಸಿರಲಿಲ್ಲ. ಚರ್ಮದ ಕಾಯಿಲೆಗೂ ಕಾಲಿನ ಬೆರಳಿಗೂ ಸಂಬಂಧವಿರಬಹುದೆಂದು ಯಾರಿಗೂ ತೋಚದಿದ್ದುದೇ ಅದಕ್ಕೆ ಕಾರಣ.

ಆದರೆ ಸಂಬಂಧ ಇದೆ. ಬೆರಳಿಗೆ ಬಂದದ್ದು ಗೌಟ್, ಅಂದರೆ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ಎಬ್ಬಿಸುವ ಊತ. ಅದು ಯಾವ ಬಗೆಯದು, ಎಷ್ಟು ಗಟ್ಟಿಯಾದದ್ದು, ಅದರಿಂದ ರೋಗಿಯ ಚಿಕಿತ್ಸೆಯಲ್ಲಿ ಏನು ಬದಲಾಗಬೇಕು ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ. ಏಕೆಂದರೆ ಮೊಬೈಲಿನಲ್ಲಿ ಹರಿದಾಡುವ ಆರೋಗ್ಯ ಸಂದೇಶಗಳಲ್ಲಿ ಇದು ಒಂದೋ ‘ಸೋರಿಯಾಸಿಸ್ ಇದ್ದರೆ ಗೌಟ್ ಖಂಡಿತ’ ಎಂಬ ಹೆದರಿಕೆಯಾಗಿ ಬರುತ್ತದೆ, ಇಲ್ಲವೇ ‘ಯೂರಿಕ್ ಆಸಿಡ್ ಇಳಿಸಿದರೆ ಚರ್ಮವೂ ಗುಣ’ ಎಂಬ ಆಸೆಯಾಗಿ ಬರುತ್ತದೆ. ಎರಡೂ ನಿಜವಲ್ಲ.

ಸೋರಿಯಾಸಿಸ್ ಅಂಟುರೋಗವಲ್ಲ, ಹುಳಕಡ್ಡಿಯೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಚರ್ಮದಲ್ಲಿ ಎಡೆಬಿಡದೆ ಉರಿಯೂತವನ್ನು ಎಬ್ಬಿಸುವ ದೀರ್ಘಕಾಲದ ಕಾಯಿಲೆ ಅದು. ಸಾಮಾನ್ಯ ಚರ್ಮದಲ್ಲಿ ಅಡಿಪದರದಲ್ಲಿ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಿಹೋಗಲು ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್ ಕಲೆಯಲ್ಲಿ ಅದೇ ಕೆಲಸ ಒಂದು ವಾರದೊಳಗೆ ಮುಗಿಯುತ್ತದೆ. ಪಕ್ವವಾಗದ ಕೋಶಗಳು ಒಂದರ ಮೇಲೊಂದು ಪೇರಿಸಿಕೊಂಡು ಬೆಳ್ಳಿಬಣ್ಣದ ಪೊರೆಯಾಗುತ್ತವೆ; ಬೆಳಗ್ಗೆ ಹಾಸಿಗೆ ಕೊಡವಿದಾಗ ಉದುರುವ ಹೊಟ್ಟು ಅದೇ. ಪ್ರತಿ ಜೀವಕೋಶದ ಒಳಗೂ ಡಿಎನ್ಎ ಇರುತ್ತದೆ, ಆ ಡಿಎನ್ಎಯಲ್ಲಿ ಪ್ಯೂರಿನ್ ಎಂಬ ಘಟಕಗಳಿರುತ್ತವೆ. ಕೋಶ ಸತ್ತಾಗ ಪ್ಯೂರಿನ್ ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತದೆ. ಬಹುಪಾಲು ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಈ ಆಮ್ಲವನ್ನು ಇನ್ನಷ್ಟು ಒಡೆದು ನೀರಿನಲ್ಲಿ ಸುಲಭವಾಗಿ ಕರಗುವ ವಸ್ತುವನ್ನಾಗಿ ಮಾಡಿಬಿಡುತ್ತದೆ. ಮನುಷ್ಯನೂ ಅವನ ಹತ್ತಿರದ ವಾನರ ಬಳಗವೂ ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಆ ಕಿಣ್ವವನ್ನು ಕಳೆದುಕೊಂಡಿವೆ. ಹಟ್ಟಿಯಲ್ಲಿರುವ ದನಕ್ಕೆ ಗೌಟ್ ಬಾರದೆ ಯಜಮಾನನಿಗೆ ಬರುವುದು ಈ ಕಾರಣದಿಂದ.

ರಕ್ತದಲ್ಲಿ ಯೂರೇಟ್ (ಯೂರಿಕ್ ಆಮ್ಲ ರಕ್ತದಲ್ಲಿರುವ ರೂಪ) ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ದೇಹದ ಸಾಮಾನ್ಯ ಉಷ್ಣತೆಯಲ್ಲಿ ಅದು ಪೂರ್ತಿ ಕರಗಿ ಉಳಿಯಲಾರದು. ಹೃದಯದಿಂದ ದೂರವಿರುವ, ಉಳಿದ ಭಾಗಕ್ಕಿಂತ ತಣ್ಣಗಿರುವ ಕಾಲ್ಬೆರಳಿನ ಸಂಧಿಯಲ್ಲಿ ಅದು ಸೂಜಿಯಂಥ ಹರಳಾಗಿ ಕೂರತೊಡಗುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತಿದ್ದ ಹರಳುಗಳನ್ನು ಒಂದು ದಿನ ಬಿಳಿ ರಕ್ತಕಣಗಳು ನುಂಗಲು ಹೋದಾಗ ಏಳುವ ಉರಿಯೂತವೇ ಗೌಟ್‌ನ ಹೊಡೆತ. ಆ ಹರಳುಗಳು ಕೋಶದೊಳಗಿನ ಯಾವ ಗುಂಡಿಯನ್ನು ಒತ್ತುತ್ತವೆ ಎಂಬುದು 2006ರಲ್ಲಿ ಸ್ಪಷ್ಟವಾಯಿತು: ಎನ್ಎಲ್ಆರ್‌ಪಿ3 ಎಂಬ ಪ್ರೊಟೀನ್ ಕೂಟ ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತಕಾರಿಯನ್ನು ಹೊರಬಿಡುತ್ತದೆ.

ಚರ್ಮದ ಕೋಶಗಳು ಅತಿವೇಗದಲ್ಲಿ ಹುಟ್ಟಿ ಸಾಯುವುದರಿಂದ ಯೂರಿಕ್ ಆಮ್ಲ ಹೆಚ್ಚುತ್ತದೆ ಎಂಬುದು ಹೊಸ ಊಹೆಯಲ್ಲ. 1961ರಲ್ಲೇ ಐಸೆನ್ ಮತ್ತು ಸೀಗ್‌ಮಿಲ್ಲರ್ ಎಂಬ ಅಮೆರಿಕದ ವೈದ್ಯರು ಸೋರಿಯಾಸಿಸ್ ರೋಗಿಗಳಲ್ಲಿ ಯೂರಿಕ್ ಆಮ್ಲದ ಚಯಾಪಚಯವನ್ನು ಅಳೆದು ಬರೆದಿದ್ದರು. ಕೇಳಲು ಈ ವಿವರಣೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅನೇಕರು ಅಲ್ಲಿಗೇ ನಿಂತುಬಿಡುತ್ತಾರೆ. ನನಗೆ ಇಲ್ಲೊಂದು ತಕರಾರಿದೆ. ಗೌಟ್ ಬಂದವರಲ್ಲಿ ಬಹುಪಾಲು ಜನರ ತೊಂದರೆ ಯೂರಿಕ್ ಆಮ್ಲ ಹೆಚ್ಚು ತಯಾರಾಗುವುದಲ್ಲ, ಸಾಕಷ್ಟು ಹೊರಹೋಗದಿರುವುದು. ದೇಹದಿಂದ ಹೊರಬೀಳುವ ಯೂರಿಕ್ ಆಮ್ಲದಲ್ಲಿ ಮೂರರಲ್ಲಿ ಎರಡು ಪಾಲು ಕಿಡ್ನಿಯ ಮೂಲಕ, ಉಳಿದದ್ದು ಕರುಳಿನ ಮೂಲಕ ಹೋಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆಗೆ ದಾರಿಯಾಗುವ ಇನ್ಸುಲಿನ್ ಪ್ರತಿರೋಧ, ರಕ್ತದೊತ್ತಡ, ಅದಕ್ಕೆಂದು ಕೊಡುವ ಥಯಾಜೈಡ್ ಜಾತಿಯ ‘ನೀರಿನ ಮಾತ್ರೆ’, ಹೃದಯಕ್ಕೆಂದು ನುಂಗುವ ಸಣ್ಣ ಪ್ರಮಾಣದ ಆಸ್ಪಿರಿನ್, ಮದ್ಯ ಇವೆಲ್ಲವೂ ಕಿಡ್ನಿಯ ಬಾಗಿಲನ್ನು ಕಿರಿದಾಗಿಸುತ್ತವೆ. ಸೋರಿಯಾಸಿಸ್ ಇದ್ದವರಲ್ಲಿ ಬೊಜ್ಜು, ರಕ್ತದೊತ್ತಡ, ಮಧುಮೇಹ ಉಳಿದವರಿಗಿಂತ ಹೆಚ್ಚಾಗಿ ಕಂಡುಬರುತ್ತವೆ. ಹಾಗಾದರೆ ಗೌಟ್‌ಗೆ ಕಾರಣ ಚರ್ಮವೋ, ಸೊಂಟದ ಸುತ್ತಳತೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಅಧ್ಯಯನಗಳಲ್ಲಿ ಎಲ್ಲರೂ ಉಲ್ಲೇಖಿಸುವುದು 2014ರಲ್ಲಿ ಮೊದಲು ಬೆಳಕು ಕಂಡ ಅಮೆರಿಕದ ಒಂದು ವಿಶ್ಲೇಷಣೆಯನ್ನು. ದಾದಿಯರು ಮತ್ತು ಆರೋಗ್ಯ ಕ್ಷೇತ್ರದ ಗಂಡಸರನ್ನು ಸೇರಿಸಿ 98,810 ಜನರನ್ನು ಒಂದು ದಶಕಕ್ಕೂ ಹೆಚ್ಚು ಕಾಲ ಗಮನಿಸಲಾಗಿತ್ತು. ತೂಕ, ಮದ್ಯ, ರಕ್ತದೊತ್ತಡ ಮುಂತಾದವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಸೋರಿಯಾಸಿಸ್ ಇದ್ದವರಲ್ಲಿ ಗೌಟ್ ಬರುವ ಸಂಭವ ಇಲ್ಲದವರ 1.71 ಪಟ್ಟು ಇತ್ತು. ಸೋರಿಯಾಸಿಸ್ ಜತೆಗೆ ಅದರದೇ ಸಂಧಿರೋಗವಾದ ಸೋರಿಯಾಟಿಕ್ ಆರ್ಥ್ರೈಟಿಸ್ ಕೂಡ ಇದ್ದವರಲ್ಲಿ ಅದು 4.95 ಪಟ್ಟು. ಅಂದರೆ ಸೊಂಟದ ಸುತ್ತಳತೆ ಕಥೆಯ ಒಂದು ಭಾಗ ಮಾತ್ರ. ಅದನ್ನು ಬದಿಗಿಟ್ಟರೂ ಏನೋ ಉಳಿಯುತ್ತದೆ.

ಆದರೆ ಈ ‘ಪಟ್ಟು’ ಎಂಬ ಮಾತು ಓದುಗನನ್ನು ಬಲು ಸುಲಭವಾಗಿ ದಾರಿ ತಪ್ಪಿಸುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಒಂದು ಊರಿನಲ್ಲಿ ಸೋರಿಯಾಸಿಸ್ ಇಲ್ಲದ ಸಾವಿರ ಜನರಲ್ಲಿ ಹತ್ತು ವರ್ಷಗಳಲ್ಲಿ 20 ಮಂದಿಗೆ ಗೌಟ್ ಬರುವುದಾದರೆ, ಸೋರಿಯಾಸಿಸ್ ಇರುವ ಅಂಥದೇ ಸಾವಿರ ಜನರಲ್ಲಿ 34 ಮಂದಿಗೆ ಬರುತ್ತದೆ. ಉಳಿದ 966 ಮಂದಿಗೆ ಬರುವುದಿಲ್ಲ. ಅಪಾಯ ಹೆಚ್ಚಾದದ್ದು ನಿಜ. ಆದರೂ ಬರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಸುಮಾರು ಐದು ಪಟ್ಟು ಎಂಬ ದೊಡ್ಡ ಅಂಕಿಯನ್ನು ನಾನು ಇನ್ನೂ ಸ್ವಲ್ಪ ಅನುಮಾನದಿಂದ ನೋಡುತ್ತೇನೆ. ಆ ಅಧ್ಯಯನದಲ್ಲಿ ಗೌಟ್ ಇದೆಯೇ ಇಲ್ಲವೇ ಎಂಬುದನ್ನು ರೋಗಿಗಳೇ ತುಂಬಿಕೊಟ್ಟ ಪ್ರಶ್ನಾವಳಿಯ ಆಧಾರದಿಂದ ತೀರ್ಮಾನಿಸಲಾಗಿತ್ತು. ಎಲ್ಲರ ಕೀಲಿನಿಂದಲೂ ದ್ರವ ತೆಗೆದು ಹರಳು ನೋಡುವುದು ಅಷ್ಟು ದೊಡ್ಡ ಗುಂಪಿನಲ್ಲಿ ಆಗದ ಮಾತು. ಸೋರಿಯಾಟಿಕ್ ಆರ್ಥ್ರೈಟಿಸ್ ಕೂಡ ಕಾಲ್ಬೆರಳನ್ನು ಕೆಂಪಗೆ ಬೀಗಿಸುತ್ತದೆ. ಕೆಲವರ ಒಂದೇ ಊತ ಎರಡು ಹೆಸರಿನಲ್ಲಿ ಎರಡು ಸಲ ಎಣಿಕೆಗೆ ಬಿದ್ದಿರಬಹುದು. ಅಲ್ಲದೆ ಆ ಜನ ಹೆಚ್ಚಿನವರು ಬಿಳಿಯ ಅಮೆರಿಕನ್ನರು, ಅದೂ ಆರೋಗ್ಯದ ಬಗ್ಗೆ ತಿಳಿವಳಿಕೆ ಉಳ್ಳವರು. ಮಂಜೇಶ್ವರದ ಮೀನುಗಾರನಿಗೂ ಪೆರ್ಲದ ಕೃಷಿಕನಿಗೂ ಅದೇ ಅಂಕಿಯನ್ನು ದಶಮಾಂಶದ ಸಮೇತ ಅಂಟಿಸುವಂತಿಲ್ಲ. ದಿಕ್ಕು ಯಾವುದೆಂದು ತಿಳಿಯಲು ಅದು ಸಾಕು, ದೂರ ಎಷ್ಟೆಂದು ಹೇಳಲು ಸಾಲದು.

ನಂಟಿಗೆ ಇನ್ನೊಂದು ದಿಕ್ಕೂ ಇರಬಹುದೆಂದು ಕೆಲವು ಸಂಶೋಧಕರು ಹೇಳುತ್ತಾರೆ: ಯೂರೇಟ್ ಹರಳುಗಳು ಎಬ್ಬಿಸುವ ಉರಿಯೂತವೇ ಚರ್ಮದ ಉರಿಯೂತಕ್ಕೆ ಒತ್ತಾಸೆಯಾಗಬಹುದು. ಅದು ಸದ್ಯಕ್ಕೆ ಪ್ರಯೋಗಾಲಯದ ಮಟ್ಟದ ಊಹೆ. ರೋಗಿಗೆ ನಿಜವಾಗಿ ಬಿಸಿ ತಟ್ಟುವ ವಿಷಯಗಳು ಬೇರೆ ಎರಡಿವೆ. ಬೀಗಿದ ಬೆರಳು ಯಾವ ಕಾಯಿಲೆಯದೆಂದು ಗುರುತಿಸುವುದು ಒಂದು. ಒಂದು ಕಾಯಿಲೆಯ ಮದ್ದು ಇನ್ನೊಂದನ್ನು ಕೆರಳಿಸದಂತೆ ನೋಡಿಕೊಳ್ಳುವುದು ಇನ್ನೊಂದು.

ಗೌಟ್ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಉಲ್ಬಣಿಸಿ, ಒಂದೆರಡು ವಾರಗಳಲ್ಲಿ ಏನೂ ಆಗಿಲ್ಲವೆಂಬಂತೆ ಇಳಿದುಹೋಗುತ್ತದೆ. ಸೋರಿಯಾಟಿಕ್ ಆರ್ಥ್ರೈಟಿಸ್ ನಿಧಾನವಾಗಿ ಬಂದು ತಿಂಗಳುಗಟ್ಟಲೆ ಠಿಕಾಣಿ ಹೂಡುತ್ತದೆ. ಬೆಳಗ್ಗೆ ಎದ್ದಾಗ ಕೀಲುಗಳು ಬಹಳ ಹೊತ್ತು ಬಿಗಿದುಕೊಂಡಿರುತ್ತವೆ, ಸಂಧಿ ಮಾತ್ರವಲ್ಲದೆ ಇಡೀ ಬೆರಳೇ ಬುಡದಿಂದ ತುದಿಯವರೆಗೆ ದಪ್ಪವಾಗುತ್ತದೆ, ಹಿಮ್ಮಡಿ ನೋಯುತ್ತದೆ, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕುಳಿಗಳು ಕಾಣುತ್ತವೆ. ಸೋರಿಯಾಸಿಸ್ ಇರುವ ನೂರರಲ್ಲಿ ಮೂವತ್ತು ಜನರವರೆಗೆ ಈ ಸಂಧಿರೋಗ ಬರಬಹುದೆಂಬ ಅಂದಾಜಿದೆ; ಹಾಗಾಗಿ ಇದೇನೂ ಅಪರೂಪದ ಗೊಂದಲವಲ್ಲ. ರಕ್ತದ ಯೂರಿಕ್ ಆಸಿಡ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಎರಡು ಬಗೆಯಲ್ಲೂ ಎಡವಬಹುದು. ಸೋರಿಯಾಸಿಸ್ ಇರುವ ಎಷ್ಟೋ ಜನರ ಯೂರಿಕ್ ಆಸಿಡ್ ಗೌಟ್ ಇಲ್ಲದೆಯೂ ಮೇಲೆಯೇ ಇರುತ್ತದೆ; ಗೌಟ್‌ನ ಹೊಡೆತ ಜೋರಾಗಿರುವ ದಿನಗಳಲ್ಲೇ ಕೆಲವರಲ್ಲಿ ಅದು ಇಳಿದು ಸರಿಯಾಗಿಯೇ ಇದೆ ಎಂಬಂತೆ ಕಾಣುತ್ತದೆ. ಅದಕ್ಕಾಗಿ ನೋವು ಶಮನವಾಗಿ ಎರಡು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಸಂಶಯಕ್ಕೆ ಎಡೆಯಿಲ್ಲದ ಪರೀಕ್ಷೆ ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹರಳು ನೋಡುವುದು. ಆ ವಿಧಾನವನ್ನು ಮೆಕಾರ್ಟಿ ಮತ್ತು ಹೊಲಾಂಡರ್ ತೋರಿಸಿಕೊಟ್ಟದ್ದೂ 1961ರಲ್ಲೇ. ಅರುವತ್ತು ವರ್ಷ ದಾಟಿದ ಮೇಲೂ ನಮ್ಮ ಸಣ್ಣ ಪೇಟೆಗಳ ಲ್ಯಾಬುಗಳಿಗೆ ಅದು ತಲುಪಿಲ್ಲ ಎನ್ನಬೇಕಾಗಿದೆ.

ಕಾಸರಗೋಡಿನಲ್ಲಿ ಗೊಂದಲಕ್ಕೆ ಭಾಷೆಯೂ ತನ್ನ ಪಾಲು ಸೇರಿಸುತ್ತದೆ. ಮಲಯಾಳದಲ್ಲಿ ‘ನೀರ್’ ಎಂದರೆ ಊತ. ‘ಕಾಲಿಗೆ ನೀರುಂಟಾ’ ಎಂದು ಒಪಿಯಲ್ಲಿ ಕೇಳಿದರೆ ಕನ್ನಡದ ಅಜ್ಜ ತೋಟದ ನೀರಿನಲ್ಲಿ ನಿಂತ ಲೆಕ್ಕ ಒಪ್ಪಿಸುತ್ತಾನೆ. ‘ಬೀಗಿದೆ’ ಎಂದು ಅವನು ಹೇಳಿದರೆ ತಿರುವನಂತಪುರದ ಕಡೆಯಿಂದ ವರ್ಗವಾಗಿ ಬಂದ ಯುವ ವೈದ್ಯನಿಗೆ ಅರ್ಥವಾಗುವುದಿಲ್ಲ. ‘ವಾತ’ ಎಂಬ ಪದ ಎರಡು ಭಾಷೆಗೂ ಗೊತ್ತಿರುವುದರಿಂದ ಕೊನೆಗೆ ಇಬ್ಬರೂ ಅದರಲ್ಲೇ ರಾಜಿಯಾಗುತ್ತಾರೆ. ಮೊಣಕಾಲು ಸವೆತ, ಗೌಟ್, ಸೋರಿಯಾಟಿಕ್ ಆರ್ಥ್ರೈಟಿಸ್, ನರದ ಸೆಳೆತ ಎಲ್ಲವೂ ಆ ಒಂದೇ ಪದದೊಳಗೆ ಹಿಡಿಸಿಬಿಡುತ್ತವೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಗೌಟ್‌ನ ಹೊಡೆತವನ್ನು ತಗ್ಗಿಸಲು ಕಾಲ್ಚಿಸಿನ್, ನೋವಿನ ಮಾತ್ರೆಗಳು ಮತ್ತು ಸ್ಟೀರಾಯ್ಡ್ ಎಂಬ ಮೂರು ದಾರಿಗಳಿವೆ. ಸೋರಿಯಾಸಿಸ್ ಇಲ್ಲದವರಿಗೆ ಕೆಲವು ದಿನದ ಸ್ಟೀರಾಯ್ಡ್ ಮಾತ್ರೆ ಬಹಳ ಪರಿಣಾಮಕಾರಿ. ಸೋರಿಯಾಸಿಸ್ ಇದ್ದವರಲ್ಲಿ ಅದನ್ನು ನಿಲ್ಲಿಸಿದಾಗ ಚರ್ಮ ಒಮ್ಮೆಲೇ ಕೆರಳುವ, ಕೆಲವೊಮ್ಮೆ ಕೀವುಗುಳ್ಳೆಗಳೇಳುವ ಅಥವಾ ಮೈಯೆಲ್ಲ ಕೆಂಪಾಗಿ ಸುಲಿಯುವ ಗಂಭೀರ ರೂಪಕ್ಕೆ ತಿರುಗುವ ಅಪಾಯವಿದೆ. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಬರೆಯುವ ವೈದ್ಯರಿಗೆ ಅಂಗಿಯ ತೋಳಿನೊಳಗೆ ಸೋರಿಯಾಸಿಸ್ ಇದೆಯೆಂದು ಗೊತ್ತಿರಬೇಕು. ಮಾವನ ವಿಷಯದಲ್ಲಿ ಅದೇ ತಪ್ಪಿತು. ಉದ್ದ ತೋಳಿನ ಅಂಗಿ ತೊಟ್ಟಿದ್ದರು, ಯಾರೂ ಮಡಚಿಸಲಿಲ್ಲ, ಒಂದು ಇಂಜೆಕ್ಷನ್ ಮತ್ತು ಹತ್ತು ದಿನದ ಮಾತ್ರೆಯಾಯಿತು. ಕಾಲು ಮೂರೇ ದಿನದಲ್ಲಿ ನೆಲಕ್ಕೆ ಊರುವಂತಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ಬೆನ್ನು ಮತ್ತು ಹೊಟ್ಟೆಯ ಮೇಲೆ, ಹಿಂದೆಂದೂ ಇಲ್ಲದಿದ್ದ ಕಡೆ, ಹೊಸ ಕಲೆಗಳೆದ್ದವು.

ಹಾಗೆಯೇ ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿರುವವರು ಮೆಡಿಕಲ್ ಶಾಪಿನಿಂದ ತಾವಾಗಿ ನೋವಿನ ಮಾತ್ರೆ ತಂದು ದಿನಗಟ್ಟಲೆ ನುಂಗಿದರೆ, ಕಿಡ್ನಿ ದುರ್ಬಲವಾಗಿದ್ದಲ್ಲಿ ಮೆಥೊಟ್ರೆಕ್ಸೇಟ್ ರಕ್ತದಲ್ಲಿ ಉಳಿದುಕೊಂಡು ವಿಷವಾಗಬಹುದು. ಸೋರಿಯಾಸಿಸ್‌ಗೆ ಕೊಡುವ ಸೈಕ್ಲೋಸ್ಪೋರಿನ್ ಯೂರಿಕ್ ಆಸಿಡನ್ನೇ ಏರಿಸುತ್ತದೆ. ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ತೆಗೆದುಕೊಳ್ಳುವವರಿಗೆ ಯೂರಿಕ್ ಆಸಿಡ್ ಇಳಿಸುವ, ಗೌಟ್‌ನ ಮುಖ್ಯ ಮದ್ದಾದ ಅಲೊಪ್ಯೂರಿನಾಲ್ ಸೇರಿದರೆ ಎಲುಬಿನ ಮಜ್ಜೆ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸಬಹುದು. ಅಲೊಪ್ಯೂರಿನಾಲ್ ಬಗ್ಗೆ ಇನ್ನೊಂದು ಸೂಕ್ಷ್ಮವಿದೆ. ಅದನ್ನು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ, ಯೂರಿಕ್ ಆಸಿಡ್ 6ಕ್ಕಿಂತ ಕೆಳಗಿಳಿಯುವವರೆಗೆ ಮೆಲ್ಲಗೆ ಏರಿಸುವುದು ಕ್ರಮ. ಮೊದಲ ಎರಡು ಮೂರು ತಿಂಗಳಲ್ಲಿ ಬೆರಳೆಣಿಕೆಯ ಜನರಿಗೆ ಅದರಿಂದ ಪ್ರಾಣಾಪಾಯ ತರುವ ಚರ್ಮದ ಅಲರ್ಜಿ ಆಗುವುದುಂಟು. ಮೊದಲೇ ಮೈಮೇಲೆ ಕಲೆಗಳಿರುವ ವ್ಯಕ್ತಿ ಹೊಸ ದದ್ದನ್ನು ‘ಇದು ನನ್ನ ಹಳೆಯ ಕಾಯಿಲೆಯೇ’ ಎಂದು ಕಡೆಗಣಿಸುವ ಸಾಧ್ಯತೆ ಹೆಚ್ಚು. ಜ್ವರ, ಬಾಯಿ ಹುಣ್ಣು, ಕಣ್ಣು ಕೆಂಪಾಗುವಿಕೆ ಜತೆಗಿದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇದಕ್ಕೆ ಪ್ರತಿಯಾಗಿ, ನೋವಿನ ಒಂದು ಹೊಡೆತವೂ ಬಾರದೆ ಬರೀ ರಿಪೋರ್ಟಿನಲ್ಲಿ ‘ಎಚ್’ ಕಂಡದ್ದಕ್ಕೆ ಮಾತ್ರೆ ಶುರುಮಾಡುವ ಅಗತ್ಯವಿಲ್ಲ. ಅಮೆರಿಕದ ಸಂಧಿರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಸಾಮಾನ್ಯವಾಗಿ ಅದು ಬೇಡವೆಂದೇ ಹೇಳುತ್ತದೆ.

ಆಹಾರದ ವಿಷಯದಲ್ಲಿ ನಮ್ಮ ಕಡೆ ಮಾತು ಬಹಳ, ಲೆಕ್ಕ ಕಡಿಮೆ. ರಿಪೋರ್ಟು ಬಂದ ಮರುದಿನವೇ ಮಾವನ ಅಡುಗೆಮನೆಯಿಂದ ತೊಗರಿಬೇಳೆ, ಉದ್ದು, ಅಲಸಂಡೆ, ಬಸಳೆ ಎಲ್ಲವೂ ಗಡೀಪಾರಾದವು. 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿನ್ನುವವರಿಗೆ ಗೌಟ್ ಹೆಚ್ಚಾಗಿತ್ತು ನಿಜ. ಆದರೆ ಪ್ಯೂರಿನ್ ಹೆಚ್ಚಿರುವ ತರಕಾರಿಗಳಿಂದ ಅಪಾಯ ಏರಲಿಲ್ಲ, ಹಾಲಿನ ಪದಾರ್ಥ ಹೆಚ್ಚು ಬಳಸಿದವರಲ್ಲಿ ಇಳಿದಿತ್ತು. ಹಾಗಾಗಿ ಸಸ್ಯಾಹಾರಿಯ ಊಟದ ಎಲೆಯಿಂದ ತೊವ್ವೆ ತೆಗೆದು ಮಜ್ಜಿಗೆಯನ್ನೂ ‘ಶೀತ’ವೆಂದು ನಿಲ್ಲಿಸುವುದು ಪೂರಾ ತಲೆಕೆಳಗಾದ ಪಥ್ಯ. ಬೂತಾಯಿ, ಕೊಲ್ಲತರು, ಬಂಗುಡೆ ದಿನವೂ ತಿನ್ನುವವರು ಪ್ರಮಾಣ ತಗ್ಗಿಸುವುದು ಒಳ್ಳೆಯದು. ಬಿಯರ್‌ನಲ್ಲಿ ಮದ್ಯಸಾರದ ಜತೆ ಪ್ಯೂರಿನ್ ಕೂಡ ಇರುವುದರಿಂದ ಅದರ ಅಪಾಯ ಎದ್ದು ಕಾಣುತ್ತದೆ. ತೆಂಗಿನ ಮರದಿಂದ ಇಳಿದದ್ದೆಂಬ ಕಾರಣಕ್ಕೆ ಕಳ್ಳಿಗೂ ವಿನಾಯಿತಿ ಇಲ್ಲ. ಸಕ್ಕರೆ ಹಾಕಿದ ಬಾಟಲಿ ಪಾನೀಯಗಳಲ್ಲಿನ ಫ್ರಕ್ಟೋಸ್ ಕೂಡ ಯೂರಿಕ್ ಆಮ್ಲವನ್ನು ಏರಿಸುತ್ತದೆ ಎಂಬುದು ಮದುವೆಮನೆಗಳಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಇಷ್ಟಾಗಿಯೂ ಪಥ್ಯಕ್ಕೆ ಮಿತಿಯಿದೆ: 2018ರಲ್ಲಿ ಪ್ರಕಟವಾದ, 16,760 ಜನರ ಮಾಹಿತಿಯ ವಿಶ್ಲೇಷಣೆಯೊಂದು ಜನರ ನಡುವೆ ಯೂರಿಕ್ ಆಮ್ಲದಲ್ಲಿ ಕಾಣುವ ವ್ಯತ್ಯಾಸದಲ್ಲಿ ಆಹಾರದ ಪಾಲು ಬಹಳ ಸಣ್ಣದು, ಆನುವಂಶಿಕತೆಯ ಪಾಲು ಸುಮಾರು 24 ಶೇಕಡಾ ಎಂದು ತೋರಿಸಿತು. ಗೌಟ್ ಬಂದವನನ್ನು ನಾಲಗೆ ಚಪಲದವನೆಂದು ಹಂಗಿಸುವುದು ಅನ್ಯಾಯ.

ಮನೆಮದ್ದಿನಲ್ಲಿ ಬಿಂಬುಳಿಯ ರಸದ ಬಗ್ಗೆ ಮಾತ್ರ ಎಚ್ಚರಿಸಲೇಬೇಕು. ಕೊಲೆಸ್ಟರಾಲ್ ಇಳಿಯುತ್ತದೆಂದು ಅದನ್ನು ಲೋಟಗಟ್ಟಲೆ ಕುಡಿದು ಆಕ್ಸಲೇಟ್‌ನಿಂದ ಕಿಡ್ನಿ ಕೆಟ್ಟ 10 ರೋಗಿಗಳ ವರದಿ ಕೇರಳದಿಂದಲೇ 2013ರಲ್ಲಿ ಪ್ರಕಟವಾಗಿತ್ತು. ಮೀನಿನ ಗಸಿಗೆ ನಾಲ್ಕು ಕಾಯಿ ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ. ಕಿಡ್ನಿ ಸೋತರೆ ಯೂರಿಕ್ ಆಮ್ಲ ಹೋಗುವ ದಾರಿಯೇ ಮುಚ್ಚುತ್ತದೆ. ದಂತಪಾಲದ ಎಲೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ದಿನಗಟ್ಟಲೆ ಬಿಸಿಲಿಗಿಟ್ಟು, ನೇರಳೆ ಛಾಯೆ ಬಂದ ಮೇಲೆ ಹಚ್ಚುವ ಎಣ್ಣೆ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಚರ್ಮವನ್ನು ಮೆದುಗೊಳಿಸುವ ಮಟ್ಟಿಗೆ ಅದಕ್ಕೆ ಅಭ್ಯಂತರವಿಲ್ಲ. ಕೀಲಿನ ಹರಳಿಗೂ ಅದಕ್ಕೂ ಸಂಬಂಧವಿಲ್ಲ. ಚರಕ ಸಂಹಿತೆ ‘ವಾತರಕ್ತ’ವನ್ನು ವಿವರಿಸುವಾಗ ಚರ್ಮ ಮತ್ತು ಮಾಂಸದಲ್ಲಿ ನೆಲೆಸಿದ ಉತ್ತಾನ, ಒಳಗೆ ಇಳಿದ ಗಂಭೀರ ಎಂದು ಎರಡು ಬಗೆ ಹೇಳುತ್ತದೆ. ಚರ್ಮ ಮತ್ತು ಸಂಧಿಯನ್ನು ಒಟ್ಟಿಗೆ ನೋಡಿದ ಆ ದೃಷ್ಟಿ ಗೌರವಕ್ಕೆ ಅರ್ಹ. ಅದನ್ನೇ ಹಿಡಿದು ಸೋರಿಯಾಸಿಸ್ ಮತ್ತು ಗೌಟ್ ನಂಟನ್ನು ಆಗಲೇ ಕಂಡುಕೊಂಡಿದ್ದರೆಂದು ಹೇಳುವುದು ಗ್ರಂಥಕ್ಕೂ ವಿಜ್ಞಾನಕ್ಕೂ ಒಪ್ಪುವ ಮಾತಲ್ಲ.

ಗಡಿಯಲ್ಲಿರುವ ನಮಗೆ ಮೂರು ಕವರುಗಳ ಸಮಸ್ಯೆ ಉಳಿದವರಿಗಿಂತ ಗಟ್ಟಿಯಾದದ್ದು. ತಜ್ಞರು ಬೇಕೆಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಸರಕಾರಿ ಮದ್ದು, ರಕ್ತ ಪರೀಕ್ಷೆ ಗಡಿಯ ಈಚೆ, ಕೇರಳದಲ್ಲಿ. ಆ ರಾಜ್ಯದ ಚೀಟಿ ಈ ರಾಜ್ಯದ ಕಂಪ್ಯೂಟರಿನಲ್ಲಿ ಇರುವುದಿಲ್ಲ. 2020ರಲ್ಲಿ ಕೊರೋನಾ ಕಾಲಕ್ಕೆ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ರಸ್ತೆ ತೆರೆದಿದೆ, ಕಾಗದಗಳು ಈಗಲೂ ಗಡಿಯ ಎರಡೂ ಕಡೆ ಬೇರೆ ಬೇರೆಯಾಗಿಯೇ ಉಳಿದಿವೆ.

ಮಾವನ ಮಗಳು ಈಗ ಮೂರೂ ಕವರುಗಳನ್ನು ಒಂದೇ ಫೈಲಿಗೆ ಸೇರಿಸಿದ್ದಾಳೆ. ಮೇಲಿನ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಸೋರಿಯಾಸಿಸ್ ಇದೆಯೆಂದು, ಸ್ಟೀರಾಯ್ಡಿನ ಮೇಲೆ ಒಮ್ಮೆ ಕೆರಳಿದೆಯೆಂದು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರೇನೆಂದು ಬರೆದಿದ್ದಾಳೆ. ಹೋದ ತಿಂಗಳ ರಿಪೋರ್ಟಿನಲ್ಲಿ ಯೂರಿಕ್ ಆಸಿಡ್ 5.6. ಹೆಬ್ಬೆರಳು ಎಂಟು ತಿಂಗಳಿನಿಂದ ಸುಮ್ಮನಿದೆ. ಮೊಣಕೈಯ ಪೊರೆ ಮೊದಲಿದ್ದಷ್ಟೇ ಇದೆ; ಅದಕ್ಕೆ ಮುಲಾಮು ಬೇರೆಯೇ ನಡೆಯುತ್ತಿದೆ.